ಸಂತೆಯ ಮಾರನೇ ದಿನ

ನವೆಂಬರ್ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಇದನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ನನ್ನ ಪುಸ್ತಕದ ಅಂದಿನ ಪುಟದಲ್ಲಿ ಹೀಗಿದೆ: "೯.೪೦. ಹೆಂಗಸು, ಒಬ್ಬರೇ. ಠಾಣೆಗೆ ದೂರು. ಎರಡು ಪುಟ, ಮೂರು ಪ್ರತಿ." ಅದರ ಮೇಲಿನ ಸಾಲು ಜಾತಿ ಪ್ರಮಾಣಪತ್ರದ ಅರ್ಜಿ. ಕೆಳಗಿನ ಸಾಲು ಪಹಣಿ ತಿದ್ದುಪಡಿ. ಮೂರು ಸಾಲಿನ ಅಕ್ಷರವೂ ಒಂದೇ ಅಳತೆಯದು.

ನಾನು ಎಚ್.ಡಿ. ಕೋಟೆಯಲ್ಲಿ, ಸರ್ಕಾರಿ ಕಚೇರಿಗಳಿಗೆ ಬರುವವರು ಹಾದುಹೋಗುವ ರಸ್ತೆಯ ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸೇರಿ ಮೂರು ವರ್ಷ ಏಳು ತಿಂಗಳಾಯಿತು. ಸೇರಿದ ದಿನದಿಂದ ದಿನಕ್ಕೊಂದು ಪುಟ ಬರೆದಿಟ್ಟಿದ್ದೇನೆ: ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಬರೆಸಿದರು, ಎಷ್ಟು ಪ್ರತಿ. ಯಾರೂ ಕೇಳಿರಲಿಲ್ಲ. ಎಣಿಸಿಟ್ಟರೆ ದಿನ ಕಳೆದುಹೋಗುವುದಿಲ್ಲ ಅನ್ನಿಸುತ್ತಿತ್ತು.

ಬರುವವರು ಬಾಯಲ್ಲಿ ಹೇಳುತ್ತಾರೆ, ನಾನು ಅದನ್ನು ಕಚೇರಿಯ ಕನ್ನಡಕ್ಕೆ ತರುತ್ತೇನೆ. ಪಕ್ಕದ ಜಮೀನಿನವನು ಬೇಲಿ ಹಾಕಿಬಿಟ್ಟ ಎಂದು ಅವರು ಬೈದದ್ದು ನನ್ನ ಕೈಯಲ್ಲಿ "ಒತ್ತುವರಿ ಮಾಡಿಕೊಂಡಿರುತ್ತಾರೆ" ಎಂದಾಗುತ್ತದೆ. ದಿನಗಳೂ ಹಾಗೆಯೇ. ನಮ್ಮ ಕಡೆಯವರಲ್ಲಿ ತಾರೀಕು ಹೇಳುವವರು ಕಡಿಮೆ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅನ್ನುತ್ತಾರೆ, ಹೊಗೆಸೊಪ್ಪಿನ ಮೊದಲ ಬೇಲು ಹುಣಸೂರಿನ ಹರಾಜಿಗೆ ಹೋದ ದಿನ ಅನ್ನುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಸಂತೆ ಹಿಡಿದು ಹೇಳುತ್ತಾರೆ: ಸಂತೆ ದಿನ, ಸಂತೆ ಮಾರನೇ ದಿನ, ಹಿಂದಿನ ಸಂತೆ. ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ಅವರ ದಿನವನ್ನು ಅದರಲ್ಲಿ ಹುಡುಕಿ ತಾರೀಕು ಮಾಡುವುದು ನನ್ನ ಕೆಲಸ. ಇದರಲ್ಲಿ ನಮ್ಮ ಹುಡುಗಿ ತಪ್ಪುವುದಿಲ್ಲ ಎಂದು ಅಂಗಡಿಯ ಯಜಮಾನರು ಗಿರಾಕಿಗಳ ಮುಂದೆ ಎಷ್ಟೋ ಸಲ ಹೇಳಿದ್ದಾರೆ.

ಅಂದು ಬಂದ ಹೆಂಗಸಿಗೆ ಮೂವತ್ತರ ಆಸುಪಾಸು. ಕಾಡಂಚಿನ ಒಂದು ಹಾಡಿಯವರು, ಬುಡಕಟ್ಟಿನವರು. ಹಾಡಿಯ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸಹಾಯಕಿಯಾಗಿದ್ದರು. ಅವರು ಹೇಳಲು ಬಂದ ವಿಷಯ ಏನೆಂದು ತಿಳಿದ ಕೂಡಲೇ ಯಜಮಾನರು ನನ್ನ ಕಡೆ ತಲೆ ಆಡಿಸಿ, ಟೀ ಕುಡಿಯುವ ನೆಪದಲ್ಲಿ ಹೊರಗೆ ಹೋದರು. ಹೆಂಗಸು ಸ್ಟೂಲಿನ ಮೇಲೆ ಕೂತು, ಜೆರಾಕ್ಸ್ ಮೆಷಿನ್ನನ್ನು ನೋಡುತ್ತಾ ಹೇಳಿದರು.

ಹೇಳಿದ್ದು ಇಷ್ಟು. ಶಾಲೆಯ ಸಮಿತಿಯಲ್ಲಿ ಹಿಂದೆ ಅಧ್ಯಕ್ಷರಾಗಿದ್ದ ಒಬ್ಬರು ಈಗ ಪಂಚಾಯಿತಿಯ ಉಪಚುನಾವಣೆಗೆ ನಿಂತಿದ್ದರು. ಆ ಕ್ಷೇತ್ರದ ಸದಸ್ಯರು ತೀರಿಕೊಂಡು ಒಂದೇ ಒಂದು ಸ್ಥಾನಕ್ಕೆ ನಡೆಯುವ ಚುನಾವಣೆ ಅದು. ಮುಖ್ಯ ಅಡುಗೆಯವರು ರಜೆಯಲ್ಲಿದ್ದ ಒಂದು ದಿನ ಆ ಮನುಷ್ಯ ಅಕ್ಕಿ ದಾಸ್ತಾನು ನೋಡಬೇಕೆಂದು ಅಡುಗೆಮನೆಯ ಸ್ಟೋರ್ ರೂಮಿಗೆ ಬಂದರು. ಒಳಗಿನಿಂದ ಚಿಲಕ ಹಾಕಿದರು. ಕೈ ಹಿಡಿದರು. ಇವರ ಇನ್ನೊಂದು ಕೈಯಲ್ಲಿ ಸಾರಿನ ಸೌಟು ಇತ್ತು. ಅದರಲ್ಲಿ ಹೊಡೆದು, ಚಿಲಕ ತೆಗೆದು ಹೊರಗೆ ಬಂದರು. ಬಾಗಿಲ ಮುಂದೆ ಗ್ಯಾಸ್ ಸಿಲಿಂಡರ್ ತಂದವರೊಬ್ಬರು ಅದನ್ನು ಹೆಗಲಿನಿಂದ ಇಳಿಸುತ್ತಿದ್ದರು. ರವಿಕೆಯ ತೋಳು ಹರಿದಿದ್ದನ್ನು ಅವರು ನೋಡಿದರು. ಏನಾಯಿತಕ್ಕ ಎಂದು ಕೇಳಿದರು. ಇವರು ಸೆರಗಿನಿಂದ ತೋಳು ಮುಚ್ಚಿಕೊಂಡು ನಡೆದುಬಿಟ್ಟರು. ಗಂಡ ಕೊಡಗಿನ ಕಾಫಿ ತೋಟದಲ್ಲಿದ್ದ, ಅವನು ಬಂದು ಮಾತಾಡುವವರೆಗೆ ಕಾದು ಈಗ ಬಂದಿದ್ದರು.

ಯಾವತ್ತು ಎಂದು ಕೇಳಿದೆ.

"ದೀಪಾವಳಿ ಕಳ್ದು ಎರಡ್ನೇ ಸಂತೆ ಮಾರ್ನೇ ದಿನ ಕಣಕ್ಕ. ಎಂಟು ದಿನ ಆಯ್ತು."

ಕ್ಯಾಲೆಂಡರ್ ನೋಡಿದೆ. ಎರಡನೇ ಸಂತೆ ಐದನೇ ತಾರೀಕು. ಮಾರನೇ ದಿನ ಆರು. ಎಂಟು ದಿನ ಆಗಿಲ್ಲ, ಐದು ದಿನ ಅಷ್ಟೇ ಆಗಿದೆ ಎಂದು ನಾನು ಅವರನ್ನು ತಿದ್ದಿದೆ. ಅವರು ಕ್ಯಾಲೆಂಡರನ್ನು ನೋಡಿದರು, ನನ್ನನ್ನು ನೋಡಿದರು.

"ಅಂಗಾದ್ರೆ ಅಷ್ಟೇ ಇರ್ಬೇಕು ಬುಡಿ," ಎಂದರು.

"ದಿನಾಂಕ ೬ರಂದು ಬೆಳಿಗ್ಗೆ ಸುಮಾರು ೧೧ ಗಂಟೆಗೆ" ಎಂದು ಟೈಪ್ ಮಾಡಿದೆ.

ಓದಿ ಹೇಳಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು. ಕೆಲಸ ಹೋಗುವುದಿಲ್ಲ ತಾನೆ? ನನಗೆ ಗೊತ್ತಿರುತ್ತದೆ ಎಂಬಂತೆ ಕೇಳಿದರು. ಅವರ ಮಗಳು ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಡುಗೆ ಕೆಲಸ ಇರುವವರೆಗೆ ತಾಯಿ, ಮಗಳು ಹಾಡಿಯಲ್ಲಿರಬಹುದು. ಅದು ಹೋದರೆ ಗಂಡನ ಹಿಂದೆ ಕಾಫಿ ತೋಟದ ಕೂಲಿಗಳ ಲೈನ್ ಮನೆಗೆ ಹೋಗಬೇಕು. ಅಲ್ಲಿಗೆ ಹೋದ ಹಾಡಿಯ ಮಕ್ಕಳಲ್ಲಿ ಯಾರು ಮತ್ತೆ ಪುಸ್ತಕ ಹಿಡಿದಿದ್ದಾರೆ ಎಂದು ಅವರೇ ಬೆರಳು ಮಡಿಸಿ ಎಣಿಸಲು ಹೊರಟು, ಒಂದು ಬೆರಳಿಗೇ ನಿಲ್ಲಿಸಿದರು. ಇದನ್ನೂ ದೂರಿನಲ್ಲಿ ಸೇರಿಸಲೇ ಎಂದೆ. ಹೂಂ ಎಂದರು. "ನನ್ನ ಕೆಲಸಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ" ಎಂಬ ಸಾಲು ಕೊನೆಯಲ್ಲಿ ಸೇರಿತು. ಅವರು ಹೆಬ್ಬೆಟ್ಟು ಒತ್ತಿದರು. ಠಾಣೆಯಲ್ಲಿ ತೆಗೆದುಕೊಂಡು, ಮೊಹರು ಹಾಕಿ ಒಂದು ಪ್ರತಿ ಕೊಟ್ಟರು. ಶಿಕ್ಷಣ ಇಲಾಖೆಗೂ ಒಂದು ಪ್ರತಿ ಹೋಯಿತು.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ರಸ್ತೆಗೆಲ್ಲ ಗೊತ್ತಿತ್ತು. ಜೆರಾಕ್ಸಿಗೆ ನಿಂತವರು ಅದೇ ಮಾತು, ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಅದೇ ಮಾತು. ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಅಂಕಣ ಗೆರೆ ಎಳೆದೆ. "ನಿಜ." "ಸುಳ್ಳು." "ನಿಜ ಇರಬಹುದು, ಆದರೆ." "ಏನೂ ಹೇಳಲಿಲ್ಲ." ನನ್ನ ಕಿವಿಗೆ ಬಿದ್ದ ಒಬ್ಬೊಬ್ಬರಿಗೆ ಒಂದೊಂದು ಗೆರೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಅಭ್ಯಾಸ.

ಹನ್ನೆರಡು, ಹದಿಮೂರು, ಈ ಎರಡು ದಿನದಲ್ಲಿ ಮೂವತ್ತೊಂದು ಜನ. ನಿಜ ಎಂದವರು ಆರು. ಸುಳ್ಳು ಎಂದವರು ಏಳು. ಸುಮ್ಮನಿದ್ದವರು ಮೂವರು. ಉಳಿದ ಹದಿನೈದು ಜನ ಮೂರನೇ ಅಂಕಣದಲ್ಲಿದ್ದರು. ಅದರ ಜಾಗ ಸಾಲದೆ ಅಡ್ಡ ಗೆರೆ ದಾಟಿ ಬರೆಯಬೇಕಾಯಿತು. "ಆದರೆ" ಎಂದ ಮೇಲೆ ಅವರು ಏನು ಹೇಳಿದರು ಎಂಬುದನ್ನೂ ಬರೆದುಕೊಂಡಿದ್ದೇನೆ. ನಮ್ಮ ಅಪ್ಪ ಸತ್ತಾಗ ಮಣ್ಣಿಗೆ ಬಂದಿದ್ದ. ಮೋಟಾರು ಸುಟ್ಟಾಗ ಒಂದೇ ದಿನದಲ್ಲಿ ನೀರು ಬಿಡಿಸಿದ. ಎದುರು ನಿಂತವನೇನು ಸಾಚಾನಾ? ಆ ಕಡೆ ಹೆಂಗಸರು ಹಂಗೆಯೇ. ಕೈ ಹಿಡಿದದ್ದಷ್ಟೇ ತಾನೆ. ಚುನಾವಣೆ ಬರುವವರೆಗೆ ಯಾಕೆ ಕಾದಳು? ಹಾಡಿಯವಳ ಕೈ ಅಡುಗೆ ಮೊದಲಿಂದಲೂ ಕೆಲವರಿಗೆ ಬೇಕಿರಲಿಲ್ಲ, ಈಗ ನೆಪ ಸಿಕ್ಕಿತು. ಈ ಕೊನೆಯದನ್ನು ಹೇಳಿದವರು ಅವಳ ಪರವಾಗಿ ಹೇಳಿದರೋ ವಿರೋಧವಾಗಿಯೋ ಎಂದು ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಂತಿರಲಿಲ್ಲ.

ಹದಿನಾಲ್ಕನೇ ತಾರೀಕು ಹನ್ನೊಂದೂವರೆಗೆ ಆ ಅಭ್ಯರ್ಥಿಯೇ ಅಂಗಡಿಗೆ ಬಂದರು. ಜೊತೆಗೆ ಇಬ್ಬರು. ಐವತ್ತರ ಮೇಲಿನ ವಯಸ್ಸು, ಬಿಳಿ ಅಂಗಿ, ಮೆತ್ತಗಿನ ಮಾತು. ಪೆನ್ ಡ್ರೈವ್ ಕೊಟ್ಟು ಒಂದು ಫೋಟೋದ ನಲವತ್ತು ಕಲರ್ ಪ್ರತಿ ಬೇಕೆಂದರು. ದೂರು ಯಾರ ಕೈಯಲ್ಲಿ ಟೈಪ್ ಆಯಿತೆಂದು ಅವರಿಗೆ ಗೊತ್ತಿತ್ತು.

"ಅದು ನಿನ್ ಕೆಲ್ಸ ಕಣವ್ವ. ನಂಗೇನು ಬೇಜಾರಿಲ್ಲ. ಇದ್ನೂ ಮಾಡ್ಕೊಡು."

ಫೋಟೋ ಪಿರಿಯಾಪಟ್ಟಣದ ಒಂದು ಕಲ್ಯಾಣ ಮಂಟಪದ್ದು. ಬೀಗರೂಟ, ಮದುವೆಯಾದ ಮೇಲೆ ಬೀಗರಿಗೆ ಹಾಕುವ ಬಾಡೂಟ. ಹೆಗಲ ಮೇಲೆ ಟವೆಲ್ಲು ಹಾಕಿ, ಎಲೆಗಳ ಸಾಲಿನ ನಡುವೆ ಬಗ್ಗಿ, ಅವರು ಸೌಟಿನಲ್ಲಿ ಮಟನ್ ಸಾರು ಬಡಿಸುತ್ತಿದ್ದರು. ಹಿಂದೆ ಮದುವೆ ಗಂಡುಹೆಣ್ಣಿನ ಬ್ಯಾನರು. ಅದರಲ್ಲಿ ಬೀಗರೂಟದ ತಾರೀಕು ಸ್ಪಷ್ಟವಾಗಿತ್ತು. ನವೆಂಬರ್ ಆರು. ಬೆಳಿಗ್ಗೆ ಎಂಟಕ್ಕೇ ಅಲ್ಲಿದ್ದರು, ಮೂರು ಗಂಟೆಗೆ ಹೊರಟರು, ನೋಡಿದವರು ನಾನೂರು ಜನ ಎಂದು ಜೊತೆಗಿದ್ದವರು ಹೇಳಿದರು. ಫೋಟೋದ ಮೇಲೆ "ಸತ್ಯ ನೀವೇ ನೋಡಿ" ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಿದರು. ಕೆಂಪು ಬಣ್ಣ ಬೇಡ, ನೀಲಿ ಇರಲಿ ಎಂದರು. ನೀಲಿ ಹಾಕಿದೆ. ಪುಸ್ತಕದಲ್ಲಿ ಬರೆದೆ: "೧೧.೩೦. ಕಲರ್, ನಲವತ್ತು ಪ್ರತಿ."

ಆ ಫೋಟೋ ವಾಟ್ಸಾಪಿನಲ್ಲಿ ಸಂಜೆಯೊಳಗೆ ಎಲ್ಲರ ಫೋನಿಗೂ ಬಂತು. ನನಗೆ ನಾಲ್ಕು ಕಡೆಯಿಂದ ಬಂತು. ಇನ್ನೊಂದು ಸುದ್ದಿಯೂ ಅದರ ಬೆನ್ನಿಗೆ ಬಂತು: ಗ್ಯಾಸ್ ಏಜೆನ್ಸಿಯಲ್ಲಿ ವಿಚಾರಿಸಿದರಂತೆ, ಆರನೇ ತಾರೀಕು ಆ ಶಾಲೆಗೆ ಸಿಲಿಂಡರ್ ಹೋಗಿಯೇ ಇಲ್ಲವಂತೆ. ಹಾಗಾಗಿ ಸುಳ್ಳು ಒಂದಲ್ಲ, ಎರಡು. ಹದಿನಾರನೇ ತಾರೀಕಿನ ಹೊತ್ತಿಗೆ "ಸುಳ್ಳು" ಅಂಕಣದಲ್ಲಿ ಇಪ್ಪತ್ತಾರು ಗೆರೆಗಳಿದ್ದವು. ಅದರಲ್ಲಿ ಹತ್ತೊಂಬತ್ತು ಜನ ಹೇಳಿದ ಕಾರಣ ಒಂದೇ, ತಾರೀಕು. ಅವರ ಗೆರೆಯ ಪಕ್ಕ "ತಾ" ಎಂದು ಗುರುತು ಹಾಕಿದ್ದೇನೆ. ಮುಖ ಗೊತ್ತಿದ್ದವರ ಪಕ್ಕ ಅವರು ಯಾರೆಂದೂ ಬರೆದುಕೊಂಡಿದ್ದೆ.

ಆ ಹತ್ತೊಂಬತ್ತರಲ್ಲಿ ಒಂದು ಗೆರೆ ನನ್ನದು. ಹದಿನಾಲ್ಕರ ಸಂಜೆ ಹಾಕಿಕೊಂಡದ್ದು. ಅದನ್ನು ಅಳಿಸಿಲ್ಲ.

ಹದಿನೇಳನೇ ತಾರೀಕು, ಮಧ್ಯಾಹ್ನ ಎರಡೂ ಹತ್ತಕ್ಕೆ ಆ ಹೆಂಗಸು ಮತ್ತೆ ಬಂದರು. ವಿಚಾರಣೆ ಮುಗಿಯುವವರೆಗೆ ಅಡುಗೆಗೆ ಬರಬೇಡ ಎಂದು ಶಾಲೆಯ ಸಮಿತಿಯವರು ಹೇಳಿದ್ದರು. ದೂರಿನ ಪ್ರತಿಯನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಿದ್ದರು. ಅದನ್ನು ಇನ್ನೊಮ್ಮೆ ಓದಿ ಹೇಳಬೇಕೆಂದರು. ಓದಿದೆ. ತಾರೀಕು ಬಂದಾಗ ನಿಲ್ಲಿಸಲು ಹೇಳಿದರು.

ಎಲ್ಲರೂ ಫೋಟೋ ತೋರಿಸುತ್ತಿದ್ದಾರೆ, ಆ ದಿನ ಅವನು ಅಲ್ಲಿದ್ದದ್ದು ನಿಜವೇ ಇರಬೇಕು, ಹಾಗಾದರೆ ತನಗೇ ಮರೆತುಹೋಗಿದೆ ಎಂದು ಅವರು ನಿಧಾನವಾಗಿ ಹೇಳಿದರು. ಸೌಟಿನಲ್ಲಿ ಹೊಡೆದದ್ದು ನೆನಪಿದೆ. ಸಿಲಿಂಡರ್ ತಂದವನು ನೆನಪಿದ್ದಾನೆ. ಅದು ಬೇರೆ ಯಾವತ್ತೋ ಆಗಿತ್ತೇನೋ. ಅಥವಾ ಅವನ ಹಾಗೆ ಕಾಣುವ ಬೇರೆಯವರೇನೋ. ಇಷ್ಟು ಜನ ಒಂದೇ ಮಾತು ಹೇಳುವಾಗ ಒಬ್ಬಳಿಗೆ ತಪ್ಪಿರಬಹುದು. ಅವರ ಮುಖದಲ್ಲಿ ಕೋಪ ಇರಲಿಲ್ಲ. ಕಳೆದುಹೋದ ಚೀಟಿ ಹುಡುಕುವವರ ಮುಖ ಇತ್ತು.

ಕಾಲ ಬುಡದಲ್ಲಿ ಅವರ ಚೀಲ ಇತ್ತು. ಒಣಮೀನಿನ ವಾಸನೆ. ಹುರುಳಿಕಾಳಿನ ಪೊಟ್ಟಣ, ಮಗುವಿನ ಅಳತೆಯ ಒಂದು ಜೊತೆ ಹೊಸ ಚಪ್ಪಲಿ. ನಾನು ಏನೋ ಮಾತಾಡಬೇಕೆಂದು, ಎಲ್ಲಿಂದ ಬಂದಿರಿ ಎಂದು ಕೇಳಿದೆ. ಸಂತೆಯಿಂದ ಎಂದರು.

"ಇವತ್ತು ಸಂತೆ ಅಲ್ವಲ್ಲ," ಎಂದೆ.

"ನಮ್ದು ಇವತ್ತೇ ಅಲ್ವೇನಕ್ಕ. ನಿಮ್ ಕೋಟೆ ಸಂತೆಗೆ ನಾವ್ಯಾಕ್ ಬರಾನ, ಎರಡು ಬಸ್ ಅತ್ತಿ ಇಳೀಬೇಕು."

ನಾನು ಕ್ಯಾಲೆಂಡರ್ ನೋಡಿದೆ. ಕಾಡಂಚಿನ ಆ ಕಡೆಯ ಊರುಗಳಿಗೆ ತಮ್ಮದೇ ಒಂದು ಚಿಕ್ಕ ಸಂತೆ ಇದೆ. ಕೋಟೆಯ ಸಂತೆಗಿಂತ ಎರಡು ದಿನ ಮೊದಲು ಸೇರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಾನು ಕೋಟೆಯಲ್ಲೇ ಹುಟ್ಟಿದವಳು. ಚಿಕ್ಕಂದಿನಿಂದ ಸಂತೆ ಎಂದರೆ ಒಂದೇ ಸಂತೆ. ಅವರು ಸಂತೆ ಎಂದಾಗ ಯಾವ ಸಂತೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ದೀಪಾವಳಿ ಕಳೆದು ಅವರ ಎರಡನೇ ಸಂತೆ ನವೆಂಬರ್ ಮೂರು. ಮಾರನೇ ದಿನ ನಾಲ್ಕು. ನಾಲ್ಕರಿಂದ ಹನ್ನೊಂದಕ್ಕೆ ಒಂದು ವಾರ, ನಮ್ಮ ಲೆಕ್ಕದಲ್ಲಿ ಎಂಟು ದಿನ. ಅವರು ಮೊದಲ ದಿನ ಹೇಳಿದ್ದು ಅದೇ. ನಾನು ತಿದ್ದಿದ್ದೆ.

ನಿಮಗೆ ಮರೆತಿಲ್ಲ, ನಾನು ತಪ್ಪು ಬರೆದೆ ಎಂದು ಅವರಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಹಾಗಾದರೆ ಇದನ್ನು ಅಳಿಸಿ ಸರಿ ಬರೆಯಲು ಆಗುತ್ತದಾ ಎಂದಷ್ಟೇ ಕೇಳಿದರು.

ಯಜಮಾನರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಒರೆಸಿದರು. ಅವರು ನಲವತ್ತು ವರ್ಷದಿಂದ ಅರ್ಜಿ ಬರೆಯುವವರು. ಟೈಪ್ ರೈಟರ್ ಕಾಲದಲ್ಲಿ ಮರದ ಕೆಳಗೆ ಕೂತು ಶುರು ಮಾಡಿದವರು. ನಮ್ಮ ಅಂಗಡಿಯಲ್ಲಿ ತಾರೀಕು ತಪ್ಪುತ್ತದೆ ಎಂದು ನಾವೇ ಬರೆದುಕೊಟ್ಟರೆ ನಾಳೆ ಯಾರು ಬರುತ್ತಾರೆ ಎಂದರು. ಆಮೇಲೆ, ಈಗ ತಿದ್ದಿದರೆ ಮಾತು ಬದಲಾಯಿಸಿದಳು ಅಂತಲೇ ಜನ ಹೇಳುತ್ತಾರೆ, ನೋಡಿಕೋ ಎಂದರು. ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು:

"ಬರಿ. ಕೆಳಗೆ ನಿನ್ ಸಹಿ ಹಾಕು. ನಂದು ಬ್ಯಾಡ."

ಹಾಗೆಯೇ ಬರೆದೆ. ಸಂತೆಯ ದಿನವನ್ನು ತಾರೀಕಿಗೆ ತರುವಾಗ ಬೇರೆ ಸಂತೆಯನ್ನು ಲೆಕ್ಕಕ್ಕೆ ಹಿಡಿದದ್ದು ನಾನು, ದೂರುದಾರರು ಎಂಟು ದಿನ ಎಂದು ಸರಿಯಾಗಿಯೇ ಹೇಳಿದ್ದರು, ತಿದ್ದಿದವಳು ನಾನು. ಒಂದು ಪುಟ, ಮೂರು ಪ್ರತಿ. ಹದಿನೆಂಟರಂದು ಬೆಳಿಗ್ಗೆ ಠಾಣೆಗೂ ಶಿಕ್ಷಣ ಇಲಾಖೆಗೂ ನಾನೇ ಹೋಗಿ ಕೊಟ್ಟೆ. ಮೊಹರು ಬಿತ್ತು. ಫೈಲಿಗೆ ಸೇರಿಸುತ್ತೇವೆ ಎಂದರು.

ಮತದಾನಕ್ಕೆ ಇನ್ನು ಐದು ದಿನ ಇತ್ತು. ನಾನು ಪುಸ್ತಕದ ಹಿಂದಿನ ಹಾಳೆ ತೆರೆದು "ತಾ" ಗುರುತಿನವರನ್ನು ಪಟ್ಟಿ ಮಾಡಿಕೊಂಡೆ. ನನ್ನನ್ನು ಬಿಟ್ಟರೆ ಹದಿನೆಂಟು ಜನ. ಇವರೆಲ್ಲ ಸುಳ್ಳು ಎಂದದ್ದು ತಾರೀಕಿನ ಕಾರಣಕ್ಕೆ. ತಾರೀಕು ತಪ್ಪೆಂದು ಗೊತ್ತಾದರೆ ಇವರ ಗೆರೆ ಬೇರೆ ಅಂಕಣಕ್ಕೆ ಹೋಗಬೇಕು. ಲೆಕ್ಕ ಹಾಗೆಯೇ ಇತ್ತು. ಊಟದ ಬಿಡುವಿನಲ್ಲಿ, ಸಂಜೆ ಅಂಗಡಿ ಮುಚ್ಚಿದ ಮೇಲೆ ಒಬ್ಬೊಬ್ಬರನ್ನೇ ಹುಡುಕಿ ಹೇಳಿದೆ. ಹದಿನಾಲ್ಕು ಜನ ಸಿಕ್ಕರು.

ಪಕ್ಕದ ಟೀ ಅಂಗಡಿಯವರಿಗೆ ಮೊದಲು ಹೇಳಿದೆ. ಫೋಟೋವನ್ನು ಅವರು ಹಾಲಿನ ಪಾತ್ರೆಯ ಹಿಂದಿನ ಗೋಡೆಗೆ ಅಂಟಿಸಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಮೊದ್ಲು ಆರು ಅಂದ್ರಿ, ಈಗ ನಾಕು ಅಂತೀರಿ. ನಾಳೆ ಎರಡು ಅನ್ನಿ. ಹುಡುಕುದ್ರೆ ಎಂತೋನ್ದಾದ್ರೂ ಒಂದಿನ ಖಾಲಿ ಸಿಕ್ಕೇ ಸಿಗ್ತದೆ ಕಣವ್ವ."

ಬೆಂಚಿನಲ್ಲಿದ್ದವರು ನಕ್ಕರು. ಒಬ್ಬರು, ಬೀಗರೂಟ ಇಲ್ಲದ ದಿನ ನೋಡಿ ಹಾಕಿದ್ದಾರೆ ಎಂದರು. ನಾನು ಅವರ ಗೆರೆಯ ಪಕ್ಕ ಬರೆದುಕೊಂಡೆ: ಅದೇ ಅಂಕಣ, ಕಾರಣ ಬೇರೆ.

ನಿವೃತ್ತ ಮೇಷ್ಟ್ರೊಬ್ಬರು, ತಾರೀಕು ನಾಲ್ಕೇ ಇರಲಿ, ಆದರೆ ಕೂಡಲೇ ಯಾಕೆ ಹೇಳಲಿಲ್ಲ ಎಂದರು. ಹೂವು ಮಾರುವವರು, ನೀನು ಇನ್ನೂ ಮದುವೆಯಾಗದ ಹುಡುಗಿ, ಇಂಥದಕ್ಕೆಲ್ಲ ಸಹಿ ಹಾಕಬಾರದಿತ್ತು ಎಂದು ನನ್ನ ಬಗ್ಗೆ ಮರುಗಿದರು. ಗೊಬ್ಬರದ ಅಂಗಡಿಯವರು, ನಿಜವೇ ಇರಬಹುದು ಕಣಮ್ಮ, ಆದರೆ ಎದುರಿನವನು ಗೆದ್ದರೆ ರಸ್ತೆ ಆಗುತ್ತದಾ ಎಂದರು. ಇವರು ಎರಡನೇ ಅಂಕಣದಿಂದ ಮೂರನೆಯದಕ್ಕೆ ಹೋದರು. ಇನ್ನೂ ನಾಲ್ವರು ಹಾಗೆಯೇ ಮೂರಕ್ಕೆ ಹೋದರು. ಎಂಟು ಜನ ಕದಲಲಿಲ್ಲ. ತಾವು ತಾರೀಕಿನ ಮಾತು ಆಡಿಯೇ ಇಲ್ಲ ಎಂದು ಅದರಲ್ಲಿ ಇಬ್ಬರು ಹೇಳಿದರು. ಆಡಿದ ದಿನವೂ ಹೊತ್ತೂ ನನ್ನ ಪುಸ್ತಕದಲ್ಲಿದೆ. ತೋರಿಸಲಿಲ್ಲ.

"ನಿಜ" ಅಂಕಣಕ್ಕೆ ಬಂದದ್ದು ಒಬ್ಬರು. ಹುಣಸೂರು ಬಸ್ಸಿನ ಕಂಡಕ್ಟರ್. ನಮ್ಮ ಅಂಗಡಿಯಲ್ಲಿ ರಜೆ ಅರ್ಜಿ ಟೈಪ್ ಮಾಡಿಸುತ್ತಾರೆ. ಟಿಕೆಟ್ ಕೊಡುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಎರಡು ಸಂತೆಯ ವಿಷಯ ಅವರಿಗೆ ವಿವರಿಸಬೇಕಾಗಲಿಲ್ಲ. ಯಾವ ದಿನ ಯಾವ ಸ್ಟಾಪಿನಲ್ಲಿ ಚೀಲಗಳ ರಾಶಿ ಇರುತ್ತದೆಂದು ಅವರಿಗೆ ಗೊತ್ತು.

"ಅಂಗಾದ್ರೆ ಆವಮ್ಮ ಏಳಿದ್ದು ನಿಜವೇಯ. ಆದ್ರೆ ನಾನು ಕೆ.ಆರ್. ನಗರದೋನು. ನಂಗೆಲ್ಲಿ ಇಲ್ಲಿ ಓಟು?"

ಅವರಿಗೆ ಒಂದು ಗೆರೆ ಹಾಕಿದೆ. ಕೂಡಿಸಿದೆ. ಎಂಟು, ಐದು, ಒಂದು. ಹದಿನಾಲ್ಕು ಸರಿಹೋಯಿತು. ನನ್ನದನ್ನು ಬೇರೆ ಬರೆದುಕೊಂಡೆ. ಅಳು ಬರಬಹುದೆಂದು ಸ್ವಲ್ಪ ಕಾದೆ. ಬರಲಿಲ್ಲ. ಊಟ ಮಾಡಿದೆ.

ಇಪ್ಪತ್ಮೂರಕ್ಕೆ ಮತದಾನ, ಇಪ್ಪತ್ತಾರಕ್ಕೆ ಎಣಿಕೆ. ಆ ಅಭ್ಯರ್ಥಿ ಒಂಬತ್ತು ಮತದಿಂದ ಸೋತರು. ಅವರ ಸ್ವಂತ ದಾಯಾದಿಯೊಬ್ಬರು ಆಟೋ ಗುರುತಿನಲ್ಲಿ ನಿಂತು ಒಂದೇ ಬೀದಿಯ ಮತ ಎರಡಾಗಿತ್ತು. ಅದು ನಾಮಪತ್ರದ ದಿನದಿಂದಲೂ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಅಂದು ಮಧ್ಯಾಹ್ನದಿಂದ ನಮ್ಮ ರಸ್ತೆಯಲ್ಲಿ ಕೇಳಿದ್ದು ಒಂದೇ ಮಾತು: ಆ ಹೆಂಗಸಿನಿಂದ ಸೋತ. ಪಾಪ. ಇಷ್ಟು ದಿನ ನಿಜ, ಸುಳ್ಳು ಎಂದು ಕಿತ್ತಾಡಿದವರು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು. ಮೊದಲು ನಿಜ ಎಂದಿದ್ದ ಆರು ಜನರಲ್ಲಿ ಇಬ್ಬರು, ಸೋತನಲ್ಲ, ಶಿಕ್ಷೆ ಆಯಿತಲ್ಲ, ಇನ್ನು ಅವಳು ಸುಮ್ಮನಾಗಲಿ ಎಂದರು. ಈ ಕಾರಣಕ್ಕೆ ಅವನಿಗೆ ಮತ ಹಾಕಲಿಲ್ಲ ಎಂದು ಒಬ್ಬರಾದರೂ ಹೇಳುತ್ತಾರೇನೋ ಎಂದು ನಾನು ಐದನೆಯ ಅಂಕಣವೊಂದನ್ನು ಎಳೆದು ಇಟ್ಟಿದ್ದೆ. ಅದು ಖಾಲಿ ಇದೆ.

ಶಾಲೆಯ ಸಮಿತಿ ಬೇರೊಬ್ಬರನ್ನು ಅಡುಗೆಗೆ ತಾತ್ಕಾಲಿಕವಾಗಿ ತೆಗೆದುಕೊಂಡಿತು. ವಿಚಾರಣೆ ಮುಗಿದಿಲ್ಲ. ಮುಗಿದು ದೂರು ನಿಜವೆಂದಾದರೆ ಆ ಹೆಂಗಸಿಗೆ ಕೆಲಸ ವಾಪಸ್ಸು ಎಂದು ಹೇಳಿದ್ದಾರೆ.

ಡಿಸೆಂಬರ್ ಎರಡು, ಬೆಳಿಗ್ಗೆ ಹತ್ತೂ ಐದು. ಅವರು ಮಗಳನ್ನು ಕರೆದುಕೊಂಡು ಬಂದರು. ಮಗಳ ಕಾಲಲ್ಲಿ ಆ ಚಪ್ಪಲಿ ಇತ್ತು. ಜೆರಾಕ್ಸ್ ಮಾಡಿಸಬೇಕಿದ್ದದ್ದು ಮಗುವಿನ ಟಿ.ಸಿ. ಮಧ್ಯಾಹ್ನದ ಬಸ್ಸಿಗೆ ಕೊಡಗಿಗೆ ಹೊರಟಿದ್ದರು. ತೋಟದ ಹತ್ತಿರ ಶಾಲೆ ಇದ್ದರೆ ಸೇರಿಸುತ್ತೇನೆ ಎಂದರು. ಇದ್ದರೆ ಎಂಬುದನ್ನು ಮಗಳ ಕಡೆ ನೋಡದೆ ಹೇಳಿದರು. ಮೂರು ಪ್ರತಿ ತೆಗೆದೆ. ಮೊದಲನೆಯದು ಓರೆ ಬಂತು, ಇನ್ನೊಂದು ತೆಗೆದೆ.

ಸಿಲಿಂಡರ್ ತಂದವರ ಬಗ್ಗೆ ಇನ್ನೇನಾದರೂ ನೆನಪಿದೆಯಾ ಎಂದು ಕೇಳಿದೆ. ನಲವತ್ತು ದಾಟಿದ ಮನುಷ್ಯ. ನರೆತ ಮೀಸೆ. ಎಡಗೈಯ ಕಿರುಬೆರಳು ಮೊಂಡು. ಸಿಲಿಂಡರನ್ನು ಕೆಳಗೆ ಬಿಸಾಡದೆ, ಗೋಣಿಚೀಲ ಹಾಸಿ ಇಳಿಸಿದ. ಇಷ್ಟು ಹೇಳಿ, ಟಿ.ಸಿ.ಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ನಿಂತರು.

"ಆವಯ್ಯ ನೋಡವ್ನೆ ಕಣಕ್ಕ. ಕೆಲ್ಸ ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ. ನಂಗೆ ನೆಪ್ಪಿರಾದು ಸರಿ ಅಂತ ಒಬ್ರು ಏಳ್ಬೇಕು."

ಮಾರನೇ ದಿನ ನಾನು ಗ್ಯಾಸ್ ಏಜೆನ್ಸಿಗೆ ಹೋದೆ. ಇಷ್ಟು ದಿನ ಎಲ್ಲರೂ ಕೇಳಿದ್ದು ಆರನೇ ತಾರೀಕಿನ ಪುಟವನ್ನು. ನಾಲ್ಕರದ್ದನ್ನು ತೆಗೆಯಿರಿ ಎಂದೆ. ನಾಲ್ಕನೇ ತಾರೀಕು ಆ ಶಾಲೆಗೆ ಒಂದು ಸಿಲಿಂಡರ್ ಹೋಗಿದೆ. ಪುಟದ ಫೋಟೋ ತೆಗೆದು ಠಾಣೆಗೆ ಕೊಟ್ಟೆ. ಸಿಲಿಂಡರನ್ನು ಶಾಲೆಗೆ ತಂದವರು ಯಾರು ಎಂದು ವಿಚಾರಣೆ ಮಾಡುವವರು ಕೇಳಿದರು. ಅದು ಸರಿಯಾದ ಪ್ರಶ್ನೆಯೇ. ಆ ದಿನಗಳಲ್ಲಿ ಯಾವಾಗಲೂ ಬರುವ ಡೆಲಿವರಿಯವರಿಗೆ ಡೆಂಗ್ಯೂ. ಅವರ ಬದಲಿಗೆ ಹನ್ನೊಂದು ದಿನ ಕೆಲಸ ಮಾಡಿದವರ ಹೆಸರು ಪುಸ್ತಕದಲ್ಲಿ ಇರಲಿಲ್ಲ. ಹುಣಸೂರು ಕಡೆಯವರು ಎಂದು ಒಬ್ಬರು, ಪಿರಿಯಾಪಟ್ಟಣದವರಿರಬೇಕು ಎಂದು ಇನ್ನೊಬ್ಬರು, ಕೆ.ಆರ್. ನಗರದಿಂದ ಬರುತ್ತಿದ್ದರು ಎಂದು ಗಾಡಿ ಲೋಡ್ ಮಾಡುವವರು ಹೇಳಿದರು.

ಅಂದಿನಿಂದ ರಜೆಯ ದಿನಗಳಲ್ಲಿ ಹೋಗುತ್ತಿದ್ದೇನೆ. ಹುಣಸೂರಿಗೆ ನಾಲ್ಕು ಸಲ, ಪಿರಿಯಾಪಟ್ಟಣಕ್ಕೆ ಎರಡು ಸಲ, ಕೆ.ಆರ್. ನಗರಕ್ಕೆ ಒಂದು ಸಲ. ಕೇಳಿದ್ದು ಐವತ್ತಮೂರು ಜನರನ್ನು. ಮೊಂಡು ಬೆರಳಿನ ಇಬ್ಬರು ಸಿಕ್ಕರು, ಇಬ್ಬರೂ ಅವರಲ್ಲ. ಒಬ್ಬರು ಕಬ್ಬಿನ ಹಾಲಿನ ಮೆಷಿನ್ನಿಗೆ ಬೆರಳು ಕೊಟ್ಟವರು, ಕುಡಿಯಲು ಒಂದು ಲೋಟ ಕೊಟ್ಟು ಕಳಿಸಿದರು. ಮೊನ್ನೆ ಪಿರಿಯಾಪಟ್ಟಣದಲ್ಲಿ ಬಸ್ಸು ತಪ್ಪಿ ಆ ಕಲ್ಯಾಣ ಮಂಟಪದ ಎದುರಿನ ಸ್ಟಾಪಿನಲ್ಲಿ ಒಂದು ಗಂಟೆ ಕೂತಿದ್ದೆ. ಯಾರದೋ ಬೀಗರೂಟ ನಡೆಯುತ್ತಿತ್ತು. ಒಳಗೆ ಹೋದವರನ್ನು ಎಣಿಸಿದೆ. ನೂರಾ ಎಪ್ಪತ್ತಕ್ಕೆ ಬಸ್ಸು ಬಂತು.

ಕಂಡಕ್ಟರು ಮಾತ್ರ ಪ್ರತಿ ಸಲ ಕೇಳುತ್ತಾರೆ, ಸಿಕ್ಕಿದರಾ ಎಂದು. ಇಲ್ಲ ಎನ್ನುತ್ತೇನೆ. ಅವರು ಮುಂದಿನ ಸೀಟಿಗೆ ಹೋಗುತ್ತಾರೆ.

ದೂರು ಯಾರ ಮೇಲೆ, ಅವರು ಯಾವ ಊರು, ಗೆದ್ದವರು ಯಾರು ಎಂಬುದನ್ನು ನಾನು ಬರೆದಿಲ್ಲ. ಅದು ಬೇಕಾದವರಿಗೆ ಈಗಾಗಲೇ ಗೊತ್ತಿದೆ. ನನಗೆ ಬೇಕಾದದ್ದು ಬೇರೆ. ನವೆಂಬರ್ ನಾಲ್ಕನೇ ತಾರೀಕು, ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ, ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಶಾಲೆಯ ಅಡುಗೆಮನೆ ಬಾಗಿಲಲ್ಲಿ, ಗೋಣಿಚೀಲ ಹಾಸಿ ಸಿಲಿಂಡರ್ ಇಳಿಸಿದವರು ನೀವಾಗಿದ್ದರೆ, ಕೈಯಲ್ಲಿ ಸೌಟು ಹಿಡಿದು ಹೊರಗೆ ಬಂದ ಹೆಂಗಸನ್ನು ಏನಾಯಿತಕ್ಕ ಎಂದು ಕೇಳಿದವರು ನೀವಾಗಿದ್ದರೆ, ನನಗೆ ಬರೆಯಿರಿ. ಎಡಗೈಯ ಕಿರುಬೆರಳು ಮೊಂಡಾದ, ನರೆತ ಮೀಸೆಯ, ಆ ಹನ್ನೊಂದು ದಿನ ಬದಲಿ ಕೆಲಸಕ್ಕೆ ಬಂದಿದ್ದ ಅವರನ್ನು ನೀವು ಬಲ್ಲವರಾದರೂ ಬರೆಯಿರಿ. ಇದನ್ನು ಅಚ್ಚು ಹಾಕಿದವರಿಗೆ ಕಾಗದ ಹಾಕಿದರೆ ನನಗೆ ತಲುಪುತ್ತದೆ. ತಾರೀಕು ನೆನಪಿಲ್ಲದಿದ್ದರೆ ಸಂತೆ ಹಿಡಿದೇ ಬರೆಯಿರಿ. ಯಾವ ಊರ ಸಂತೆ ಎಂಬುದನ್ನು ಮಾತ್ರ ಬರೆಯಿರಿ.